ಹುಳುಕು ಹಲ್ಲು: ಕೀಳಿಸುವುದೋ, ಉಳಿಸುವುದೋ?

(ಗ್ರಾಮಸ್ಥರ ಕೂಟದಲ್ಲಿ ಮಾಡಿದ ಭಾಷಣ)



ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆ ನಿಮಗೆ ಗೊತ್ತು. ಹಲ್ಲೂ ಇದೆ, ನೋವೂ ಇದೆ, ಕೈಯಲ್ಲಿ ಹಣ ಮಾತ್ರ ಸಾಲದು ಎನ್ನುವವರಿಗಾಗಿ ಇಂದು ನಾಲ್ಕು ಮಾತು ಹೇಳುತ್ತೇನೆ. ರಾತ್ರಿಯೆಲ್ಲ ನರಳಿದವರು ಬೆಳಗಾಗುತ್ತಲೇ “ಕಿತ್ತುಬಿಡಿ ಸ್ವಾಮಿ” ಎನ್ನುವುದು ಸಹಜ. ಆದರೆ ಕಿತ್ತ ಹಲ್ಲು ಮತ್ತೆ ಬಾರದು. ಆದುದರಿಂದ ಸ್ವಲ್ಪ ಯೋಚಿಸಿ.

ತಣ್ಣೀರು ಕುಡಿದಾಗ ಜುಮ್ಮೆಂದು ಕ್ಷಣದಲ್ಲಿ ನಿಂತರೆ, ಹುಳುಕು ಒಳಗಿನ ನರವನ್ನು ಇನ್ನೂ ಕೆಡಿಸಿರಲಾರದು. ಹುಳುಕು ಕೆರೆದು ತುಂಬಿಸಿದರೆ ಸಾಕು; ಇದೇ ಅಗ್ಗದ ಕಾಲ. ನೋವು ಬಹಳ ಹೊತ್ತು ಉಳಿದರೆ, ನಿದ್ದೆಯಿಂದ ಎಬ್ಬಿಸಿದರೆ, ಆಗ ಸಾಮಾನ್ಯವಾಗಿ ಎರಡೇ ದಾರಿ: ಬೇರಿನ ಒಳಗನ್ನು ಶುಚಿಮಾಡಿ ತುಂಬುವ ರೂಟ್ ಕೆನಾಲ್, ಇಲ್ಲವೇ ಕೀಳಿಸುವುದು. ನೋವು ತಾನಾಗಿ ನಿಂತಿತೆಂದು ಸುಮ್ಮನಾಗಬೇಡಿ. ನರ ಸತ್ತರೂ ನೋವು ನಿಲ್ಲುತ್ತದೆ. ಒಳಗೆ ಕೀವು ಬೆಳೆಯುತ್ತಿರಬಹುದು.

ವೈದ್ಯರನ್ನು ನಾಲ್ಕು ಪ್ರಶ್ನೆ ಕೇಳಿರಿ.

ಒಂದು, ಒಸಡಿನ ಮೇಲೆ ಗಟ್ಟಿ ಹಲ್ಲು ಎಷ್ಟು ಉಳಿದಿದೆ? ಅಡಿಪಾಯವಿಲ್ಲದೆ ಗೋಡೆ ನಿಲ್ಲದು.

ಎರಡು, ಬೇರೂ ಅದರ ಸುತ್ತಲಿನ ಎಲುಬೂ ಭದ್ರವಾಗಿವೆಯೇ? ಇದಕ್ಕೆ ಎಕ್ಸ್‌ರೇ ಬೇಕು.

ಮೂರು, ಅಗಿಯಲು ಈ ಹಲ್ಲು ಎಷ್ಟು ಅಗತ್ಯ? ಕಟ್ಟಕಡೆಯ ದವಡೆ ಹಲ್ಲಾದರೆ ಕೀಳಿಸಿದರೂ ನಷ್ಟ ಅಲ್ಪ. ರೊಟ್ಟಿ ಅಗಿಯುವ ಮುಖ್ಯ ದವಡೆ ಹಲ್ಲು ಹೋದರೆ ಪಕ್ಕದ್ದು ಖಾಲಿ ಜಾಗಕ್ಕೆ ವಾಲೀತು, ಎದುರಿನದು ಚಾಚಿಕೊಂಡೀತು.

ನಾಲ್ಕು, ಕೊನೆಯವರೆಗೆ ಖರ್ಚೆಷ್ಟು? ರೂಟ್ ಕೆನಾಲ್ ಆದ ದವಡೆ ಹಲ್ಲಿಗೆ ಸಾಮಾನ್ಯವಾಗಿ ಕ್ಯಾಪ್ ಬೇಕು. ಇಲ್ಲವಾದರೆ ಸೀಳುವ ಭಯವುಂಟು. ಹಿಂದಿನ ಹಲ್ಲಿಗೆ ಅಂದಕ್ಕಿಂತ ಬಲ ಮುಖ್ಯ. ಲೋಹದ ಕ್ಯಾಪ್ ಅಗ್ಗ, ಗಟ್ಟಿ. ಕೀಳಿಸುವ ಲೆಕ್ಕಕ್ಕೂ ಮುಂದೆ ಕಟ್ಟಿಸುವ ಹಲ್ಲಿನ ಖರ್ಚನ್ನು ಸೇರಿಸಿರಿ.

ತಾಲ್ಲೂಕು ಆಸ್ಪತ್ರೆಯಲ್ಲಿ ದಂತವೈದ್ಯರಿದ್ದರೆ ಮೊದಲು ಅಲ್ಲಿ ತೋರಿಸಿ. ದಂತ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಚಿಕಿತ್ಸೆ ಮಾಡುತ್ತಾರೆ. ಬೆಂಗಳೂರಿನ ಸರ್ಕಾರಿ ದಂತ ಕಾಲೇಜು 1958ರಲ್ಲಿ ಆರಂಭವಾದುದು. ಇಂಥಲ್ಲಿ ಹಣ ಕಡಿಮೆ, ಓಡಾಟ ಹೆಚ್ಚು. ಬಸ್ಸಿನ ಚಾರ್ಜು, ತಪ್ಪಿದ ಕೂಲಿ ಎರಡನ್ನೂ ಲೆಕ್ಕಕ್ಕೆ ಹಿಡಿಯಿರಿ.

ಎಲ್ಲ ಲೆಕ್ಕ ಹಾಕಿದ ಮೇಲೂ ಹಣ ಕೂಡದಿದ್ದರೆ ಕೀಳಿಸುವುದರಲ್ಲಿ ನಾಚಿಕೆಯಿಲ್ಲ. ಕೀವು ತುಂಬಿದ ಹಲ್ಲನ್ನು ಬಾಯಲ್ಲಿ ಇಟ್ಟುಕೊಂಡು “ಸುಗ್ಗಿಯಾಗಲಿ” ಎಂದು ಕಾಯುವುದೇ ತಪ್ಪು. ಆದರೆ ಕೀಳುವ ಕೈ ಕಲಿತ ವೈದ್ಯರದಾಗಿರಲಿ. ಸಕ್ಕರೆ ಕಾಯಿಲೆಯಿದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿರಿ.

ಲವಂಗದ ಎಣ್ಣೆ ನೋವನ್ನು ತಗ್ಗಿಸೀತು, ಹುಳುಕನ್ನು ವಾಸಿಮಾಡದು. ನೋವಿನ ಮಾತ್ರೆಯನ್ನು ಒಸಡಿಗೆ ಒತ್ತಬೇಡಿ, ಒಸಡು ಸುಡುತ್ತದೆ. ಮುಖ ಊದಿ ಜ್ವರ ಬಂದರೆ, ಬಾಯಿ ತೆರೆಯಲು, ನುಂಗಲು, ಉಸಿರಾಡಲು ಕಷ್ಟವಾದರೆ ಹಣದ ಯೋಚನೆ ಬಿಟ್ಟು ಆ ಗಳಿಗೆಯೇ ದೊಡ್ಡ ಆಸ್ಪತ್ರೆಗೆ ಹೊರಡಿ. ಅದು ಪ್ರಾಣಕ್ಕೆ ಬಂದ ಕುತ್ತು.

ಇಂದು ಮನೆಗೆ ಹೋದ ಮೇಲೆ ಮಕ್ಕಳ ಬಾಯನ್ನು ಬೆಳಕಿನಲ್ಲಿ ಒಮ್ಮೆ ನೋಡಿರಿ. ಸಣ್ಣ ಕಪ್ಪು ಚುಕ್ಕೆ ಕಂಡಾಗಲೇ ಹೋದರೆ, ಕೀಳಿಸುವುದೋ ಉಳಿಸುವುದೋ ಎಂಬ ಪ್ರಶ್ನೆಯೇ ಏಳದಿರಬಹುದು.