ನಮ್ಮ ಸೀಮೆಯ ಹಳೆಯ ಊರುಗಳು ಮತ್ತು ನಮ್ಮ ಹೊಣೆ

(ದೇವಾಲಯದ ಶತಮಾನೋತ್ಸವದ ಅಂಗವಾಗಿ ನಡೆದ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನೂರು ವರ್ಷ ತುಂಬಿದ ದೇವಾಲಯದ ಅಂಗಳದಲ್ಲಿ ನಿಂತು ಮಾತನಾಡುವ ಭಾಗ್ಯ ಎಲ್ಲರಿಗೂ ದೊರೆಯುವುದಿಲ್ಲ. ಅದು ನನಗೆ ದೊರೆತುದಕ್ಕಾಗಿ ಸರ್ವೇಶ್ವರನಿಗೂ ನಿಮಗೂ ಕೃತಜ್ಞನಾಗಿದ್ದೇನೆ. ಈ ಗುಡಿಯ ಅಡಿಗಲ್ಲು ಬಿದ್ದ ಕಾಲದಲ್ಲಿ ನಮ್ಮ ಸೀಮೆಯು ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿತ್ತು. ಕಚೇರಿಯ ಭಾಷೆ ಉರ್ದು. ಪೀಠದ ಮೇಲಿನ ಪೂಜೆಯ ಭಾಷೆ ಲತೀನು. ಇವೆರಡರ ನಡುವೆ ನಮ್ಮ ಅಜ್ಜ ಅಜ್ಜಿಯರು ಮೊಣಕಾಲೂರಿ ಜಪಸರ ಹೇಳಿದ್ದು ಮಾತ್ರ ಕನ್ನಡದಲ್ಲಿ. ಆ ಜಪದ ದನಿಯನ್ನು ಕೇಳಿದವರು ಇಂದು ನಮ್ಮ ನಡುವೆ ಬೆರಳೆಣಿಕೆಯಷ್ಟು ಮಂದಿ ಮಾತ್ರ ಉಳಿದಿದ್ದಾರೆ. ಆದುದರಿಂದಲೇ ಈ ಹೊತ್ತು ನಾನು ಹೊಗಳಿಕೆಯ ಮಾತುಗಳನ್ನು ಬದಿಗಿಟ್ಟು, ನೆನಪನ್ನು ಕಾಯುವ ಹೊಣೆಯ ಬಗ್ಗೆ ಒಂದೆರಡು ಮಾತು ಹೇಳಬಯಸುತ್ತೇನೆ.

ಕೃಷ್ಣಾ ಮತ್ತು ತುಂಗಭದ್ರೆಯರ ನಡುವಣ ಈ ನೆಲವನ್ನು ಹಳೆಯ ಶಾಸನಗಳು ಎಡೆದೊರೆನಾಡು ಎಂದು ಕರೆದಿವೆ. ಎರಡು ತೊರೆಗಳ ಎಡೆಯಲ್ಲಿರುವ ನಾಡು ಎಂದು ಅದರ ಅರ್ಥ. ಹೊರಗಿನವರು ಇದನ್ನು ಬರಗಾಲದ ನಾಡೆಂದಷ್ಟೇ ಬಲ್ಲರು. ನಾವೂ ಹಾಗೆಯೇ ಹೇಳಿಕೊಂಡು ಬಂದಿದ್ದೇವೆ. ಆದರೆ ಈ ನೆಲದ ಒಂದೊಂದು ಬಂಡೆಯೂ ಒಂದೊಂದು ಕಥೆಯನ್ನು ಒಡಲಲ್ಲಿಟ್ಟುಕೊಂಡಿದೆ.

ಮೊದಲು ಮಸ್ಕಿಯನ್ನು ನೋಡೋಣ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಮೌರ್ಯ ಚಕ್ರವರ್ತಿ ಅಶೋಕನು ಅಲ್ಲಿಯ ಬೆಟ್ಟದ ಬಂಡೆಯ ಮೇಲೆ ಬ್ರಾಹ್ಮೀ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿ ಒಂದು ಶಾಸನವನ್ನು ಕೆತ್ತಿಸಿದನು. ಬ್ರಾಹ್ಮೀ ಲಿಪಿಯನ್ನು ಓದುವ ಕೀಲಿಕೈ ಜೇಮ್ಸ್ ಪ್ರಿನ್ಸೆಪ್ ಎಂಬ ವಿದ್ವಾಂಸನಿಗೆ 1837ರಲ್ಲಿ ದೊರೆಯಿತು. ಆಗ ತಿಳಿದಿದ್ದ ಶಾಸನಗಳಲ್ಲೆಲ್ಲ ಅರಸನ ಹೆಸರು ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಿಂದ ಮಾತ್ರ ಬಂದಿತ್ತು. ಈ ಪ್ರಿಯದರ್ಶಿಯೇ ಅಶೋಕನೆಂದು ಸಿಂಹಳದ ಗ್ರಂಥಗಳ ಆಧಾರದಿಂದ ವಿದ್ವಾಂಸರು ತರ್ಕಿಸಿದ್ದರೇ ಹೊರತು ಕಲ್ಲಿನ ಸಾಕ್ಷಿ ಇರಲಿಲ್ಲ. 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಬೀಡನ್ ಎಂಬ ಇಂಜಿನಿಯರನ ಕಣ್ಣಿಗೆ ಮಸ್ಕಿಯ ಶಾಸನ ಬಿತ್ತು. ಅದರಲ್ಲಿ ಅಶೋಕ ಎಂಬ ಹೆಸರೇ ಸ್ಪಷ್ಟವಾಗಿತ್ತು. ಚಿನ್ನವನ್ನು ಅರಸಿ ಬಂದವನಿಗೆ ಚಕ್ರವರ್ತಿಯ ಹೆಸರು ಸಿಕ್ಕಿತು. ಮುಂದೆ ಗುಜರಾ, ನಿಟ್ಟೂರು, ಉದೆಗೋಳಗಳಲ್ಲಿಯೂ ಆ ಹೆಸರು ದೊರೆತರೂ ಮೊದಲು ದೊರೆತ ಕೀರ್ತಿ ಮಸ್ಕಿಗೇ ಸಲ್ಲುತ್ತದೆ.

ಇದರಲ್ಲಿ ನಮಗೊಂದು ಪಾಠವಿದೆ. ಆ ಬಂಡೆಯ ಬಳಿಯಲ್ಲಿ ಎರಡು ಸಾವಿರ ವರ್ಷಗಳಿಗೂ ಮೀರಿ ನಮ್ಮ ಜನರು ದನ ಮೇಯಿಸಿದ್ದಾರೆ, ಮಳೆ ಬಂದಾಗ ಅದರ ಮರೆಯಲ್ಲಿ ನಿಂತಿದ್ದಾರೆ. ಅಕ್ಷರಗಳು ಅಲ್ಲಿಯೇ ಇದ್ದವು, ಓದುವವರು ಇರಲಿಲ್ಲ. ಬರೆದದ್ದು ಉಳಿದರೆ ಎಂದಾದರೂ ಒಬ್ಬನು ಬಂದು ಓದಿಯಾನು. ಉಳಿಯದಿದ್ದರೆ ಅವನು ಬಂದೂ ಪ್ರಯೋಜನವಿಲ್ಲ.

ಇನ್ನು ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿಗೆ ಬರೋಣ. ಕ್ರೈಸ್ತರಾದ ನಮಗೆ ಇದು ವಿಶೇಷವಾಗಿ ಹತ್ತಿರದ ಊರು. ದೇವಗಿರಿಯ ಯಾದವರ ಕಾಲದಿಂದಲೂ ಈ ಕೋಟೆಗೆ ಹೆಸರಿದೆ. 1347ರಲ್ಲಿ ಬಹಮನಿ ರಾಜ್ಯ ಸ್ಥಾಪನೆಯಾದ ಮೇಲೆ ರಾಯಚೂರು, ಮುದಗಲ್ಲು ಕೋಟೆಗಳಿಗಾಗಿ ವಿಜಯನಗರದ ಅರಸರಿಗೂ ದಕ್ಷಿಣದ ಸುಲ್ತಾನರಿಗೂ ಎರಡು ಶತಮಾನಗಳ ಕಾಲ ಬಿಡದೆ ಕಾಳಗ ನಡೆಯಿತು. 1520ರಲ್ಲಿ ಕೃಷ್ಣದೇವರಾಯನು ರಾಯಚೂರನ್ನು ಮುತ್ತಿದಾಗ ಕ್ರಿಸ್ತೊವಾವ್ ದ ಫಿಗೆರೆದೊ ಎಂಬ ಪೋರ್ಚುಗೀಸನು ತನ್ನ ಬಂದೂಕಿನವರೊಡನೆ ರಾಯನ ಪಕ್ಷದಲ್ಲಿದ್ದನೆಂದು ನೂನಿಜನು ಬರೆದಿಟ್ಟಿದ್ದಾನೆ. ಕೆಲವೆಡೆ 50 ಗಜ ಅಗಲವಿರುವ ಕಂದಕ, ದೊಡ್ಡ ದೊಡ್ಡ ಕಲ್ಲುಗಳ ಗೋಡೆ, ಕನ್ನಡ ಮತ್ತು ಪಾರಸಿ ಶಾಸನಗಳು, ಗುಡ್ಡದ ಮೇಲಿನ ಒಳಕೋಟೆ ಇವೆಲ್ಲ ಆ ಕಾಳಗಗಳ ಸಾಕ್ಷಿಗಳಾಗಿ ಇಂದಿಗೂ ನಿಂತಿವೆ.

ಇಂತಹ ರಣಭೂಮಿಯ ನಡುವೆ ಒಂದು ಕ್ರೈಸ್ತ ದೇವಾಲಯ ತಲೆಯೆತ್ತಿತು. ಮುದಗಲ್ಲಿನ ದೇವಾಲಯವನ್ನು ಯೇಸುಸಭೆಯ ಗುರುಗಳು 1557ಕ್ಕೆ ಮೊದಲೇ ಕಟ್ಟಿಸಿದರೆಂದು ಬ್ರಿಟಿಷರ ಕಾಲದ ಗೆಜೆಟಿಯರು ದಾಖಲಿಸಿದೆ. ಸಂತ ಫ್ರಾನ್ಸಿಸ್ ಕ್ಸೇವಿಯರರು ಗೋವೆಗೆ ಬಂದಿಳಿದದ್ದು 1542ರಲ್ಲಿ, ದೈವಾಧೀನರಾದದ್ದು 1552ರಲ್ಲಿ ಎಂಬುದನ್ನು ನೆನೆದರೆ ಈ ಮಾತಿನ ತೂಕ ತಿಳಿಯುತ್ತದೆ. ಗೆಜೆಟಿಯರಿನ ಲೆಕ್ಕದಂತೆ, 1565ರ ರಕ್ಕಸತಂಗಡಿಯ ಯುದ್ಧಕ್ಕೆ ಮೊದಲೇ, ವಿಜಯನಗರದ ವೈಭವ ಇನ್ನೂ ಮುಗಿಯದಿದ್ದಾಗಲೇ, ನಮ್ಮ ಈ ಒಣನೆಲದಲ್ಲಿ ಶಿಲುಬೆಯ ಗುರುತು ಮೂಡಿತ್ತು.

ಆ ದೇವಾಲಯಕ್ಕಿಂತಲೂ ದೊಡ್ಡದೆಂದು ನನಗೆ ತೋರುವುದು ಅಲ್ಲಿಯ ಜನರ ತಾಳ್ಮೆ. ಕೋಟೆ ಕೈಯಿಂದ ಕೈಗೆ ಹೋಯಿತು. ಬಿಜಾಪುರದ ಆದಿಲಶಾಹಿಯವರು ಬಂದರು. 1686ರಲ್ಲಿ ಬಿಜಾಪುರವು ಔರಂಗಜೇಬನ ವಶವಾಯಿತು. ಆಮೇಲೆ ನಿಜಾಮರು ಬಂದರು. ಯೇಸುಸಭೆಯ ಗುರುಗಳನ್ನು 1759ರಲ್ಲಿ ಪೋರ್ಚುಗೀಸ್ ಸರ್ಕಾರವು ತನ್ನ ನಾಡುಗಳಿಂದ ಹೊರದೂಡಿತು. 1773ರಲ್ಲಿ ಆ ಸಭೆಯೇ ರದ್ದಾಗಿ, ಮತ್ತೆ 1814ರಲ್ಲಿ ಜೀವ ತಳೆಯಿತು. ಗೋವೆಯಿಂದ ಮುದಗಲ್ಲಿಗೆ ಘಟ್ಟ ಹತ್ತಿ, ಎತ್ತಿನ ಬಂಡಿಯಲ್ಲೋ ಕಾಲ್ನಡಿಗೆಯಲ್ಲೋ ಬರಬೇಕಾಗಿದ್ದ ಆ ಕಾಲದಲ್ಲಿ ಗುರುಗಳ ದರ್ಶನವು ಎಷ್ಟು ದುರ್ಲಭವಾಗಿದ್ದೀತೆಂದು ಊಹಿಸುವುದು ಕಷ್ಟವಲ್ಲ. ಆದರೂ ಆ ಕ್ರೈಸ್ತರು ಚೆದುರಿಹೋಗಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರನು ಚಾಂದಬೀಬಿಯನ್ನು ಕುರಿತು ಬರೆದ, 1878ರಲ್ಲಿ ಅಚ್ಚಾದ ‘ಎ ನೋಬಲ್ ಕ್ವೀನ್’ ಎಂಬ ಕಾದಂಬರಿಯಲ್ಲಿ ಮುದಗಲ್ಲಿನ ಕ್ರೈಸ್ತ ಸಮುದಾಯಕ್ಕೂ ಒಂದು ದೊಡ್ಡ ಪಾತ್ರವಿದೆ.

ಅವರು ಹೇಗೆ ಉಳಿದರು? ಕೋಟೆಯ ಬಲದಿಂದಲ್ಲ, ಕೋಟೆ ಅವರದಾಗಿರಲಿಲ್ಲ. ತಾಯಿ ಮಗುವಿಗೆ ಶಿಲುಬೆಯ ಗುರುತು ಕಲಿಸಿದಳು, ಅಜ್ಜಿ ಮೊಮ್ಮಗಳಿಗೆ ಪ್ರಾರ್ಥನೆ ಕಲಿಸಿದಳು. ಅದೂ ತಮ್ಮ ನುಡಿಯಲ್ಲಿ. ನಮ್ಮ ನಾಡಿಗೆ ಬಂದ ಗುರುಗಳೂ ಈ ನುಡಿಯ ಬೆಲೆಯನ್ನು ಅರಿತಿದ್ದರು. ಹದಿನೇಳನೆಯ ಶತಮಾನದ ನಡುಭಾಗದಲ್ಲಿ ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಶನ್ನನ್ನು ಆರಂಭಿಸಿದ ಲಿಯೊನಾರ್ಡೊ ಚಿನ್ನಮಿ ಸ್ವಾಮಿಗಳು ಕನ್ನಡ ಕಲಿತು, ಕನ್ನಡದಲ್ಲಿಯೇ ಧರ್ಮೋಪದೇಶದ ಬರಹಗಳನ್ನು ರಚಿಸಿದರು. ನೆರೆಹೊರೆಯ ಸೌಹಾರ್ದವನ್ನೂ ಇಲ್ಲಿ ಸ್ಮರಿಸಬೇಕು. ಮುದಗಲ್ಲಿನ ಮೊಹರಮ್ಮಿಗೆ ಹಿಂದೂ ಮುಸಲ್ಮಾನರೆನ್ನದೆ ಸುತ್ತಲಿನ ಊರುಗಳೆಲ್ಲ ಬಂದು ಸೇರುವುದು ನಿಮಗೆ ಗೊತ್ತೇ ಇದೆ. ಅಂತಹ ಊರಿನಲ್ಲಿ ಒಂದು ಚಿಕ್ಕ ಸಮುದಾಯವು ತನ್ನ ದೀಪವನ್ನು ಆರದಂತೆ ಕಾಯ್ದುಕೊಂಡಿತು.

ಲಿಂಗಸುಗೂರು, ಸಿಂಧನೂರುಗಳ ಕಥೆ ಬೇರೆ ಬಗೆಯದು. ಲಿಂಗಸುಗೂರು ಒಂದು ಕಾಲಕ್ಕೆ ಹೈದರಾಬಾದ್ ಕಂಟಿಂಜೆಂಟ್ ಸೈನ್ಯದ ಛಾವಣಿ. ತನ್ನ ಹೆಸರಿನದೇ ಜಿಲ್ಲೆಗೆ ಕೇಂದ್ರ. 1905ರಲ್ಲಿ ಆ ಜಿಲ್ಲೆ ರದ್ದಾಯಿತು. ಜಿಲ್ಲೆಯಾಗಿತ್ತೆಂಬ ಸಂಗತಿಯನ್ನೇ ಇಂದಿನ ಮಕ್ಕಳು ಕೇಳಿಲ್ಲ. ಸಿಂಧನೂರಿನಲ್ಲಾದರೋ 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಲ್ಲಿ ನೀರು ನಿಂತು, ಎಡದಂಡೆಯ ಕಾಲುವೆ ಹರಿದ ಮೇಲೆ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಆಂಧ್ರದ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿದರು. ಪೂರ್ವ ಬಂಗಾಳದಿಂದ ನೆಲೆ ತಪ್ಪಿ ಬಂದವರಿಗೂ ಇಲ್ಲಿ ಆಸರೆ ದೊರೆಯಿತು. ಒಂದೇ ತಲೆಮಾರಿನಲ್ಲಿ ನೆಲದ ಚಹರೆ ಬದಲಾಯಿತು. ಬದಲಾವಣೆ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ನೀರಿಲ್ಲದೆ ಗುಳೆ ಹೋದವರ ಮಕ್ಕಳು ಹೊಟ್ಟೆ ತುಂಬ ಉಂಡರೆ ಅದಕ್ಕಿಂತ ಸಂತೋಷವೇನು? ಆದರೆ ಇಷ್ಟು ಬೇಗ ಬದಲಾಗುವ ನಾಡಿನಲ್ಲಿ ಬರೆದಿಡದ ಸಂಗತಿ ಅಷ್ಟೇ ಬೇಗ ಅಳಿಯುತ್ತದೆ.

ದೂರದ ಒಂದು ಊರಿನ ಉದಾಹರಣೆ ಕೊಡಲು ಅಪ್ಪಣೆಯಿರಲಿ. ಫ್ರಾನ್ಸ್ ದೇಶದ ಬರ್ಗಂಡಿ ಪ್ರಾಂತದಲ್ಲಿ ವೆಜೆಲೆ ಎಂಬ ಪುಟ್ಟ ಊರಿದೆ. ನಮ್ಮ ಮುದಗಲ್ಲಿನ ಒಳಕೋಟೆಯಂತೆ ಅದೂ ಗುಡ್ಡದ ಮೇಲಿದೆ. ಸಂತ ಮರಿಯ ಮಗ್ದಲೇನಳ ಹೆಸರಿನ ಅಲ್ಲಿಯ ದೇವಾಲಯಕ್ಕೆ ಮಧ್ಯಯುಗದಲ್ಲಿ ಯಾತ್ರಿಕರು ಸಾಲುಗಟ್ಟಿ ಬರುತ್ತಿದ್ದರು. 1146ರಲ್ಲಿ ಸಂತ ಬರ್ನಾರ್ಡರು ಆ ಊರಿನಲ್ಲಿಯೇ ಎರಡನೆಯ ಧರ್ಮಯುದ್ಧಕ್ಕೆ ಕರೆಯಿತ್ತರು. ಕಾಲಾಂತರದಲ್ಲಿ ಮತಕಲಹ, ಕ್ರಾಂತಿ, ಅಲಕ್ಷ್ಯಗಳಿಂದ ಆ ಗುಡಿ ಕುಸಿಯುವ ಸ್ಥಿತಿಗೆ ಬಂದಿತು. 1834ರಲ್ಲಿ ಸರ್ಕಾರದ ಸ್ಮಾರಕ ತನಿಖಾಧಿಕಾರಿಯಾಗಿ ಅಲ್ಲಿಗೆ ಹೋದ ಸಾಹಿತಿ ಪ್ರಾಸ್ಪೆರ್ ಮೆರಿಮೆಯು ಅದರ ದುಸ್ಥಿತಿಯನ್ನು ಕಂಡು ವರದಿ ಬರೆದನು. 1840ರಲ್ಲಿ ವಿಯೊಲೆ-ಲ-ದ್ಯೂಕ್ ಎಂಬ ತರುಣ ಶಿಲ್ಪಿಗೆ ದುರಸ್ತಿಯ ಕೆಲಸವನ್ನು ಒಪ್ಪಿಸಲಾಯಿತು; ಆಗ ಅವನಿಗಿನ್ನೂ 26 ವರ್ಷ. 1979ರಲ್ಲಿ ಆ ಗುಡಿಯೂ ಗುಡ್ಡವೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅಲ್ಲಿ ಗುಡಿ ಉಳಿದದ್ದು ಒಬ್ಬನು ಕಂಡದ್ದನ್ನು ಬರೆದಿಟ್ಟುದರಿಂದ, ಬರೆದದ್ದನ್ನು ಉಳಿದವರು ಕಿವಿಗೆ ಹಾಕಿಕೊಂಡುದರಿಂದ.

ಇಷ್ಟು ಉಪದೇಶ ಮಾಡುವ ನಾನು ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ನನ್ನ ಅಜ್ಜಿಯ ಬಳಿ ಒಂದು ತಗಡಿನ ಪೆಟ್ಟಿಗೆಯಿತ್ತು. ಅದರಲ್ಲಿ ಅವಳ ತಂದೆ ಕೈಯಿಂದ ಬರೆದುಕೊಂಡಿದ್ದ ಪ್ರಾರ್ಥನೆಗಳ ಪುಸ್ತಕವೊಂದಿತ್ತು. ತಪಸ್ಸುಕಾಲದಲ್ಲಿ ಅಜ್ಜಿ ಅದನ್ನು ತೆಗೆದು, ಅಕ್ಷರ ಬಾರದಿದ್ದರೂ ಹಾಳೆ ತಿರುವುತ್ತಾ ಎಲ್ಲವನ್ನೂ ಬಾಯಿಪಾಠವಾಗಿ ಹೇಳುತ್ತಿದ್ದಳು. “ಇದನ್ನು ನೀನು ನೋಡಿಕೊಳ್ಳಪ್ಪಾ, ನೀನು ಓದಿದವನು” ಎಂದು ನನ್ನ ಕೈಗೆ ಕೊಟ್ಟಳು. ನಾನು ಓದಿದವನು, ನೌಕರಿಗೆಂದು ಊರು ಬಿಟ್ಟೆ. ಮನೆ ದುರಸ್ತಿಗೆ ಬಂದಾಗ ಪೆಟ್ಟಿಗೆಯನ್ನು ಹಿತ್ತಿಲ ಕೋಣೆಗೆ ಸಾಗಿಸಿದೆವು. ನಾಲ್ಕು ವರ್ಷಗಳ ನಂತರ ತೆರೆದು ನೋಡಿದರೆ ಪುಸ್ತಕದ ಜಾಗದಲ್ಲಿ ಗೆದ್ದಲಿನ ಮಣ್ಣಿತ್ತು. ಅಜ್ಜಿ ಅಷ್ಟರಲ್ಲಿ ದೇವರ ಪಾದ ಸೇರಿದ್ದಳು. ಅವಳು ಹೇಳುತ್ತಿದ್ದ ಪ್ರಾರ್ಥನೆಗಳಲ್ಲಿ ನನಗೆ ಈಗ ನೆನಪಿರುವುದು ಎರಡೇ ಸಾಲು. ಓದಲು ಬಾರದವಳು ಕಾಯ್ದದ್ದನ್ನು ಓದಿದವನು ಕಳೆದೆ. ಈ ನೋವಿನಿಂದಲೇ ನಿಮ್ಮ ಮುಂದೆ ಕೈ ಮುಗಿದು ಕೇಳುತ್ತಿದ್ದೇನೆ.

ನಮ್ಮ ದೇವಾಲಯದ ಜ್ಞಾನಸ್ನಾನದ, ವಿವಾಹದ, ಮರಣದ ದಾಖಲೆ ಪುಸ್ತಕಗಳನ್ನು ನೋಡಿ. ಅರಸರ ಚರಿತ್ರೆಯಲ್ಲಿ ಎಲ್ಲಿಯೂ ಬಾರದ ಕೂಲಿಕಾರನ, ನೇಕಾರನ, ವಿಧವೆಯ ಹೆಸರು ಅವುಗಳಲ್ಲಿದೆ. ಬಡವರಿಗೆ ಅದಕ್ಕಿಂತ ದೊಡ್ಡ ಶಾಸನ ಬೇರಿಲ್ಲ. ಗುರುಗಳ ಅಪ್ಪಣೆ ಪಡೆದು ಅವುಗಳ ಪ್ರತಿ ತೆಗೆಸಿ, ಒಂದು ಪ್ರತಿಯನ್ನು ಬಳ್ಳಾರಿಯ ಧರ್ಮಾಧ್ಯಕ್ಷರ ನಿವಾಸದಲ್ಲಿ ಇಡಿಸೋಣ. ಹಳೆಯ ಪುಟಗಳನ್ನು ಗಾಳಿ ಬೆಳಕು ಹದವಾಗಿರುವ, ಗೆದ್ದಲು ಮುಟ್ಟದ ಕಡೆ ಇಡೋಣ. ಸಮಾಧಿ ಭೂಮಿಯ ಕಲ್ಲುಗಳ ಮೇಲಿನ ಬರಹವನ್ನು ಸುಣ್ಣ ಬಳಿದು ಮುಚ್ಚುವ ಮುನ್ನ ಬರೆದುಕೊಳ್ಳೋಣ. ಯಾವ ಗೋಡೆಯನ್ನಾದರೂ ಕೆಡವಲೇಬೇಕಾದರೆ ಮೊದಲು ಅದರ ಚಿತ್ರ ತೆಗೆದು ಅಳತೆ ಬರೆದಿಡೋಣ. ಎಲ್ಲಕ್ಕಿಂತ ಮುಖ್ಯವಾಗಿ, ನಮ್ಮ ವೃದ್ಧರ ಬಳಿ ಕುಳಿತು ಅವರ ಪ್ರಾರ್ಥನೆ, ಹಾಡು, ಕಷ್ಟದ ಕಾಲದ ಕಥೆಗಳನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳೋಣ. ಇಂದು ಎಲ್ಲರ ಕಿಸೆಯಲ್ಲೂ ದನಿ ಹಿಡಿಯುವ ಯಂತ್ರವಿದೆ. ಬೆಂಗಳೂರಿಗೆ ದುಡಿಯಲು ಹೋದ ನಮ್ಮ ಮಕ್ಕಳು ಕ್ರಿಸ್ತ ಜಯಂತಿಗೆ ಊರಿಗೆ ಬಂದಾಗ ಒಂದು ಸಂಜೆಯನ್ನು ಇದಕ್ಕೆ ಮೀಸಲಿಟ್ಟರೆ ಸಾಕು.

ಇದು ಹಳೆಯದರ ಪೂಜೆಯಲ್ಲ. “ನನ್ನ ನೆನಪಿಗಾಗಿ ಇದನ್ನು ಮಾಡಿರಿ” ಎಂದು ಯೇಸುಸ್ವಾಮಿಯೇ ತಮ್ಮ ಕೊನೆಯ ಭೋಜನದಲ್ಲಿ ಆಜ್ಞಾಪಿಸಿದರು. ಪ್ರತಿ ಬಲಿಪೂಜೆಯೂ ಒಂದು ನೆನಪೇ. ನೆನಪನ್ನೇ ಹೃದಯವಾಗಿ ಉಳ್ಳ ಧರ್ಮದಲ್ಲಿ ಹುಟ್ಟಿದ ನಾವು ನಮ್ಮ ಹಿರಿಯರನ್ನು ಮರೆತರೆ ಅದು ನಮಗೆ ಭೂಷಣವಲ್ಲ.

ಮಸ್ಕಿಯಲ್ಲಿ ಕಲ್ಲು ಹೆಸರನ್ನು ಕಾಯ್ದಿತು. ಮುದಗಲ್ಲಿನಲ್ಲಿ ಜನರು ವಿಶ್ವಾಸವನ್ನು ಕಾಯ್ದರು. ನಮ್ಮ ಕೈಯಲ್ಲಿರುವುದು ನೂರು ವರ್ಷದ ಕಾಗದ ಮತ್ತು ಕೆಲವೇ ಹಿರಿಯರ ದನಿ. ಇನ್ನು ನೂರು ವರ್ಷ ಕಳೆದು ಈ ಅಂಗಳದಲ್ಲಿ ಸೇರುವವರು ನಮ್ಮ ಹೆಸರನ್ನು ಓದಿ ಒಂದು ಪ್ರಾರ್ಥನೆ ಸಲ್ಲಿಸುವಂತಾಗಲಿ. ಮಾತೆ ಮರಿಯಮ್ಮನವರು ನಮಗಾಗಿ ಬಿನ್ನವಿಸಲಿ. ಸರ್ವೇಶ್ವರನು ನಮ್ಮೆಲ್ಲರನ್ನೂ ಹರಸಲಿ.