ಹದ್ದಿನ ಗರಿ ಹಿಡಿದು 'ಇಲ್ಲ' ಎಂದವನು



ನಾನು ಪ್ರೆಸ್ಸಿನವನು. ಪಿಯುಸಿಗೇ ಪುಸ್ತಕ ಮುಚ್ಚಿದವನು. ಭಾಷಣ ನನ್ನ ಕಸುಬಲ್ಲ. ಹಾಗಾಗಿ ಘೋಷಣೆ ಕೂಗುವ ಬದಲು ಒಬ್ಬ ಗಂಡೆದೆಯವನ ಕತೆ ಹೇಳುತ್ತೇನೆ, ಕೇಳಿ.

ಹೆಸರು ಎಲಿಜಾ ಹಾರ್ಪರ್. ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದ ಆದಿವಾಸಿ. 1949ರಲ್ಲಿ ರೆಡ್ ಸಕರ್ ಲೇಕ್‌ನಲ್ಲಿ ಹುಟ್ಟಿದ. ಆದಿವಾಸಿ ಹಕ್ಕು ಬಿಟ್ಟುಕೊಡದೆ ದೇಶದ ಚುನಾವಣೆಯಲ್ಲಿ ಓಟು ಹಾಕಲು ಅವನ ಜನ 1960ರವರೆಗೆ ಕಾಯಬೇಕಾಯಿತು. ತಮ್ಮದೇ ನೆಲದಲ್ಲಿ! ಮಕ್ಕಳನ್ನು ಮನೆಯಿಂದ ಕಿತ್ತೊಯ್ದು, ತಾಯ್ನುಡಿ ಆಡಿದರೆ ದಂಡಿಸುತ್ತಿದ್ದ ವಸತಿಶಾಲೆಗಳು ಅಲ್ಲಿದ್ದವು. ಈತ ಕಲಿತದ್ದೂ ಅಂಥ ಶಾಲೆಗಳಲ್ಲೇ.

1978ರಲ್ಲಿ ತನ್ನ ಊರಿನ ಮುಖ್ಯಸ್ಥನಾದ. 1981ರಲ್ಲಿ ಪ್ರಾಂತ್ಯದ ಶಾಸಕ. ಆಮೇಲೆ ಮಂತ್ರಿಯೂ ಆದ. ಮಂತ್ರಿಗಿರಿ ಇರಲಿ, ಇತಿಹಾಸ ನೆನಪಿಟ್ಟುಕೊಂಡಿದ್ದು ಅವನು ವಿರೋಧ ಪಕ್ಷದ ಬೆಂಚಿನಲ್ಲಿ ಕೂತಿದ್ದಾಗ ಮಾಡಿದ ಕೆಲಸವನ್ನು.

1987ರಲ್ಲಿ ಪ್ರಧಾನಿ ಮಲ್ರೋನಿ ಮತ್ತು 10 ಪ್ರಾಂತ್ಯಗಳ ಮುಖ್ಯಸ್ಥರು ಸೇರಿ ಮೀಚ್ ಲೇಕ್ ಒಪ್ಪಂದ ಮಾಡಿಕೊಂಡರು. ಫ್ರೆಂಚ್ ನುಡಿಯ ಕ್ವಿಬೆಕ್‌ಗೆ ಸಂವಿಧಾನದಲ್ಲಿ ವಿಶಿಷ್ಟ ಸಮಾಜದ ಸ್ಥಾನ! ಆದಿವಾಸಿಗಳನ್ನು ಯಾರೂ ಕೇಳಲಿಲ್ಲ. ಎಲ್ಲ ಪ್ರಾಂತ್ಯಗಳ ಶಾಸನಸಭೆಗಳೂ 1990ರ ಜೂನ್ 23ರೊಳಗೆ ಒಪ್ಪಬೇಕಿತ್ತು.

ಮ್ಯಾನಿಟೋಬಾದಲ್ಲಿ ಸಮಯ ಮುಗಿಯುತ್ತ ಬಂದಿತ್ತು. ಮುಂಚಿತವಾಗಿ ನೋಟಿಸ್ ಕೊಡದೆ ವಿಷಯ ಎತ್ತಿಕೊಳ್ಳಬೇಕಾದರೆ ಸದನದ ಪ್ರತಿಯೊಬ್ಬ ಸದಸ್ಯನೂ ಒಪ್ಪಬೇಕೆಂಬ ನಿಯಮ. ನಿಯಮಾವಳಿ ಅಚ್ಚು ಹಾಕುವ ನಮ್ಮಂಥವರಿಗೆ ಗೊತ್ತು, ಅದನ್ನು ಬಿಚ್ಚಿ ಓದುವವರೇ ಇಲ್ಲ. ಹಾರ್ಪರ್ ಮತ್ತು ಅವನ ಬೆನ್ನಿಗಿದ್ದ ಆದಿವಾಸಿ ಮುಖಂಡರು ಓದಿದರು! ಜೂನ್ 12ರಂದು ಸಭಾಪತಿ ಒಪ್ಪಿಗೆ ಕೇಳಿದರು. ಹಾರ್ಪರ್ ಕೈಯಲ್ಲಿ ಹದ್ದಿನ ಗರಿ. ಮೆತ್ತಗಿನ ದನಿ. ಇಲ್ಲ ಎಂದ. ಮತ್ತೆ ಮತ್ತೆ ಕೇಳಿದರು, ಮತ್ತೆ ಮತ್ತೆ ಇಲ್ಲ. ಬೆಂಚು ಮುರಿಯಲಿಲ್ಲ, ಮೈಕು ಎಸೆಯಲಿಲ್ಲ. ಜೂನ್ 22ಕ್ಕೆ ಮ್ಯಾನಿಟೋಬಾದ ಬಾಗಿಲು ಮುಚ್ಚಿತು. ನ್ಯೂಫೌಂಡ್‌ಲ್ಯಾಂಡ್ ಕೂಡ ಮತಕ್ಕೆ ಹಾಕಲಿಲ್ಲ. ಒಪ್ಪಂದ ಸತ್ತಿತು.

ನೀವು ಕೇಳಬಹುದು: ಫ್ರೆಂಚರೂ ನಮ್ಮ ಹಾಗೆ ನುಡಿಗಾಗಿ ಹೋರಾಡಿದವರಲ್ಲವೆ, ಅವರಿಗೇ ಏಟು ಕೊಟ್ಟನಲ್ಲ? ಕೇಳಬೇಕಾದ ಮಾತೇ. ತನ್ನ ಜಗಳ ಕ್ವಿಬೆಕ್ ಮೇಲಲ್ಲ ಎಂದು ಹಾರ್ಪರ್ ಸ್ಪಷ್ಟವಾಗಿ ಹೇಳಿದ್ದ. ಇಂಗ್ಲಿಷರು, ಫ್ರೆಂಚರು ಇಬ್ಬರೇ ಕೆನಡಾ ಕಟ್ಟಿದರು ಎಂಬ ಮಾತನ್ನು ಅವನು ಒಪ್ಪಲಿಲ್ಲ, ಅಷ್ಟೆ. ಅವರಿಗಿಂತ ಮೊದಲೇ ಅಲ್ಲಿ ಇದ್ದವರ ಗತಿ? ಕನ್ನಡಕ್ಕೆ ನ್ಯಾಯ ಕೇಳುವ ನಾವೂ ನಮ್ಮ ಕಾಡಿನ ಹಾಡಿಗಳಲ್ಲಿ ಬೇರೆ ನುಡಿ ಆಡುವ ಮಕ್ಕಳಿದ್ದಾರೆ ಎನ್ನುವುದನ್ನು ಮರೆತರೆ, ಅವರೆದುರು ನಾವೇ ಇಂಗ್ಲಿಷರಾಗಿಬಿಡುತ್ತೇವೆ.

1993ರಲ್ಲಿ ಪಕ್ಷ ಬದಲಿಸಿ ಕೆನಡಾ ಸಂಸತ್ತಿಗೂ ಹೋದ. 1997ರಲ್ಲಿ ಸೋತ. ಆ ಕಾಲ ಅಷ್ಟೇನೂ ಸದ್ದು ಮಾಡಲಿಲ್ಲ. 2013ರಲ್ಲಿ ತೀರಿಕೊಂಡಾಗ ಮ್ಯಾನಿಟೋಬಾದ ಶಾಸನಸಭಾ ಭವನದಲ್ಲೇ ಜನ ಅವನ ಅಂತಿಮ ದರ್ಶನ ಪಡೆದರು. ಹತ್ತು ವರ್ಷದ ಮೇಲೆ, 2023ರಲ್ಲಿ, ಅದೇ ಪ್ರಾಂತ್ಯದಲ್ಲಿ ವಾಬ್ ಕಿನ್ಯೂ ಎಂಬ ಆದಿವಾಸಿ ಸರ್ಕಾರದ ಮುಖ್ಯಸ್ಥನಾಗಿ ಪ್ರಮಾಣವಚನ ತೆಗೆದುಕೊಂಡ.