ಸಾಲುಧೂಪ: ಗಾಯ ಮುಚ್ಚಿಕೊಳ್ಳುವ ಮರ

ಬಿಳಿಧೂಪ, ಧೂಪದ ಮರ ಎಂದೂ ಕರೆಯುವ ಸಾಲುಧೂಪ ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣ ಕಾಡಿನ ಸ್ವಂತ ಮರ. ಕರ್ನಾಟಕ, ಕೇರಳ, ತಮಿಳುನಾಡುಗಳ ಘಟ್ಟಸೀಮೆಯನ್ನು ಬಿಟ್ಟರೆ ಜಗತ್ತಿನ ಬೇರೆಲ್ಲೂ ಅದು ತಾನಾಗಿ ಬೆಳೆಯುವುದಿಲ್ಲ. 17ನೆಯ ಶತಮಾನದ ಉತ್ತರಾರ್ಧದಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾದ 'ಹೋರ್ಟಸ್ ಮಲಬಾರಿಕಸ್' ಎಂಬ ಮಲಬಾರಿನ ಸಸ್ಯಗಳ ಗ್ರಂಥದಲ್ಲಿ ಇದರ ಚಿತ್ರವಿದೆ. 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಇದಕ್ಕೆ ವಟೇರಿಯಾ ಇಂಡಿಕಾ ಎಂಬ ಹೆಸರಿಟ್ಟ. ಉತ್ತರ ಭಾರತದ ಸಾಲ ವೃಕ್ಷವೂ ಇದೇ ಕುಟುಂಬದ್ದು.

ನೆಟ್ಟಗೆ ಬೆಳೆಯುವ ಈ ಮರ ದಟ್ಟ ಕಾಡಿನಲ್ಲಿ 30 ಮೀಟರಿಗೂ ಮಿಕ್ಕಿ ಏರುತ್ತದೆ. ಚಿಗುರೆಲೆ ಕೆಂಪು, ಬಲಿತ ಎಲೆ ದಪ್ಪ, ಅಚ್ಚ ಹಸಿರು. ಬೇಸಿಗೆ ಹೊತ್ತಿಗೆ ಬಿಳಿ ಎಸಳಿನ, ಪರಿಮಳದ ಹೂಗೊಂಚಲುಗಳು ತುಂಬಿಕೊಳ್ಳುತ್ತವೆ. ನೆರಳು ದಟ್ಟವಾದ್ದರಿಂದ ಕರಾವಳಿ, ಮಲೆನಾಡುಗಳಲ್ಲಿ ಇದನ್ನು ರಸ್ತೆಯ ಇಕ್ಕೆಲದಲ್ಲೂ ಸಾಲಾಗಿ ನೆಟ್ಟಿದ್ದಾರೆ.

ಮರದ ಒಳಗೆ ರಾಳ ತುಂಬಿದ ಸೂಕ್ಷ್ಮ ನಾಳಗಳಿವೆ. ತೊಗಟೆಗೆ ಪೆಟ್ಟು ಬಿದ್ದರೆ ನಾಳ ಒಡೆದು ಅಂಟಾದ ದ್ರವ ಒಸರುತ್ತದೆ. ಗಾಳಿಗೆ ಅದರಲ್ಲಿನ ತೈಲಾಂಶ ಆರುತ್ತದೆ, ಉಳಿದದ್ದು ಗಟ್ಟಿಯಾಗಿ ಗಾಯವನ್ನು ಮುಚ್ಚುತ್ತದೆ. ಹುಳು, ಬೂಷ್ಟುಗಳು ಒಳಹೋಗದಂತೆ ಮರ ಮಾಡಿಕೊಂಡ ಏರ್ಪಾಡಿದು. ತೊಗಟೆಯಲ್ಲಿ ಕಚ್ಚು ಹಾಕಿ, ಒಸರಿ ಗಟ್ಟಿಯಾದ ರಾಳವನ್ನು ಕೆಲವು ದಿನ ಬಿಟ್ಟು ಕೆರೆದು ತೆಗೆಯುತ್ತಾರೆ. ಒಳ್ಳೆಯ ರಾಳದ ತುಂಡು ತಿಳಿಹಳದಿ, ಪಾರದರ್ಶಕ. ಕುಟ್ಟಿದರೆ ಪುಡಿಯಾಗುತ್ತದೆ.

ಜಾಲಿಯ ಗೋಂದಿಗೂ ರಾಳಕ್ಕೂ ವ್ಯತ್ಯಾಸವಿದೆ. ಗೋಂದು ನೀರಿನಲ್ಲಿ ಕರಗುತ್ತದೆ. ರಾಳ ನೀರಿಗೆ ಜಗ್ಗದೆ ಟರ್ಪೆಂಟೈನಿನಂಥ ತೈಲಗಳಲ್ಲಿ ಕರಗುತ್ತದೆ. ಅದಕ್ಕೇ ಬಿಳಿಧೂಪದ ರಾಳ ವಾರ್ನಿಷ್ ತಯಾರಿಕೆಗೆ ಒದಗಿತು. ಕೆಂಡದ ಮೇಲೆ ಉದುರಿಸಿದರೆ ಸುವಾಸನೆಯ ಹೊಗೆಯೇಳುವುದರಿಂದ ದೇವಸ್ಥಾನಗಳಲ್ಲೂ ಮನೆಗಳಲ್ಲೂ ಧೂಪವಾಯಿತು. ಅಂಗಡಿಯಲ್ಲಿ ಸಿಗುವ ಕರಿಧೂಪ, ಹಾಲುಮಡ್ಡಿಗಳು ಇದೇ ಘಟ್ಟದ ಬೇರೆ ಮರಗಳ ರಾಳ.

ಬೀಜದ ಬೆಲೆಯೂ ಕಡಿಮೆಯಲ್ಲ. ಬೀಜವನ್ನು ಹುರಿದು, ಪುಡಿಮಾಡಿ, ನೀರಿನಲ್ಲಿ ಕುದಿಸಿದರೆ ಕೊಬ್ಬು ಮೇಲೆ ತೇಲುತ್ತದೆ, ತಣಿದಾಗ ಹೆಪ್ಪುಗಟ್ಟುತ್ತದೆ. ಈ ಧೂಪದ ಎಣ್ಣೆ ಹಿಂದೆ ದೀಪಕ್ಕೆ, ಮೇಣದ ಬತ್ತಿಗೆ ಬಳಕೆಯಾಗುತ್ತಿತ್ತು. ಸಾಬೂನು ತಯಾರಿಕೆಗೂ ಬಂತು.

ಆದರೆ ಪ್ರಯೋಜನ ಹೆಚ್ಚಿದಷ್ಟೂ ಮರಕ್ಕೆ ಕಷ್ಟ ಹೆಚ್ಚಿತು. 20ನೆಯ ಶತಮಾನದಲ್ಲಿ ಪ್ಲೈವುಡ್ಡಿಗಾಗಿ ಭಾರಿ ಮರಗಳು ಉರುಳಿದವು. ಆಳವಾದ ಕಚ್ಚು ಹಾಕಿ ರಾಳ ತೆಗೆದಲ್ಲಿ ಗಾಯ ಮಾಯದೆ ಮರಗಳು ಸೊರಗಿದವು. ಬಿದ್ದ ಬೀಜವನ್ನೆಲ್ಲ ಆರಿಸಿದ ಕಡೆ ಸಸಿಯೇ ಏಳಲಿಲ್ಲ. ಇಂದು ಸಾಲುಧೂಪ ಅಂತಾರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅಪಾಯಕ್ಕೊಳಗಾದ ಮರಗಳ ಸಾಲಿನಲ್ಲಿದೆ.

ಇದರ ಬೀಜವನ್ನು ರಾಗಿ, ಭತ್ತದಂತೆ ಒಣಗಿಸಿ ಕಾದಿಡಲಾಗದು; ತೇವ ಆರಿದರೆ ಜೀವ ಹೋಗುತ್ತದೆ. ಮುಂಗಾರಿನ ಹೊತ್ತಿಗೆ ಹಣ್ಣಾಗಿ ಬಿದ್ದ ಬೀಜ ಒದ್ದೆ ನೆಲದಲ್ಲಿ ಆಗಲೇ ಮೊಳೆಯಬೇಕು, ಎಳೆಯ ಸಸಿಗೆ ಮೇಲಿನ ಮರಗಳ ನೆರಳು ಬೇಕು. ಹೀಗಾಗಿ ಸಾಲುಧೂಪವನ್ನು ಉಳಿಸುವುದೆಂದರೆ ಹಣ್ಣು ಕೊಡುವ ಹಿರಿಯ ಮರಗಳನ್ನೂ ಸುತ್ತಲಿನ ಕಾಡನ್ನೂ ಉಳಿಸುವುದು. ಒಂದು ಪಾಲು ಬೀಜವನ್ನು ನೆಲಕ್ಕೇ ಬಿಡುವುದು. ರಾಳ ತೆಗೆಯುವಾಗ ತೊಗಟೆಯಲ್ಲಿ ಚಿಕ್ಕ ಕಚ್ಚು ಹಾಕಿ, ಅದು ಮಾಯುವವರೆಗೆ ಮರವನ್ನು ಮತ್ತೆ ಮುಟ್ಟದಿರುವುದು.